ಹೊಡೆತಕ್ಕೆ ಮುಂಚಿನ ಉಸಿರು

ಶಿವಯೋಗೀಶ ಹೊಡೆಯುವ ಮುಂಚೆ ಗಂಟಲಿನಿಂದ ಉಸಿರು ಬಿಡುತ್ತಿದ್ದ. ಸಣ್ಣ ‘ಹ್’, ಆಮೇಲೆ ಕೈ. ಅವನ ಹೆಂಡತಿ ವಿದ್ಯಾಶ್ರೀ ಇದನ್ನು ಗುರುತಿಸದೆ ಇರುತ್ತಾಳೆಯೇ? ಸಿಂಗಪುರದಲ್ಲಿ ಅವಳಿಗೆ ಸಂಬಳ ಬರುತ್ತಿದ್ದುದೇ ಜನರ ಬಾಯಿಗೆ ಮಾಸ್ಕ್ ಕಟ್ಟಿ, ಯಾವ ಅಕ್ಷರಕ್ಕೆ ಎಷ್ಟು ಉಸಿರು ಎಂದು ಅಳೆಯುವುದಕ್ಕೆ. ‘ಹ್’ ಕೇಳಿದೊಡನೆ ತಲೆ ತಗ್ಗಿಸಿದರೆ ಪೆಟ್ಟು ಭುಜಕ್ಕೆ ಬೀಳುತ್ತಿತ್ತು. ಒಮ್ಮೆ ಗೋಡೆಗೆ ಬಿದ್ದು ಅವನ ಗೆಣ್ಣೇ ಬಿರಿದಿತ್ತು. ಆಫೀಸಿನಲ್ಲಿ ಬ್ಯಾಡ್ಮಿಂಟನ್ ಎಂದು ಹೇಳಿಕೊಂಡಿದ್ದ. ಅವಳ ಎಡಗಿವಿ ಆಗಲೇ ಹೋಗಿತ್ತು. ಬಲಗಿವಿಯೂ ಹೋದರೆ ಕಸುಬೇ ಹೋದಂತೆ.

ಭಾನುವಾರ ಸೆರಂಗೂನ್‌ನ ಭಾಗೀರಥಿ ಆಂಟಿಯ ಮನೆಯಲ್ಲಿ ಊಟ. ಆಂಟಿಯ ಗಂಡ ಗೋಪಿನಾಥ್ ಅವಳ ಕೆಲಸ ಏನೆಂದು ಕೇಳಿದರು. ಹಾಗೆ ಕೇಳುವವರು ಅಪರೂಪ, ಅವಳು ಉಬ್ಬಿಹೋದಳು. ನಾವು ಕನ್ನಡದವರು ಖ, ಥ, ಫ ಎಂದು ಉಸಿರನ್ನು ಅಕ್ಷರದ ಬೆನ್ನಿಗೆ ಕಟ್ಟುವವರು, ಅದು ಅಕ್ಷರಕ್ಕಿಂತ ಮೊದಲು ಬಂದರೆ ತಾಳಲಾರದೆ ಬ್ರಹ್ಮನನ್ನೂ ಬ್ರಮ್ಹ ಮಾಡುತ್ತೇವೆ ಎಂದಳು. ಐಸ್‌ಲ್ಯಾಂಡಿನವರು ಸೇಬಿಗೆ ‘ಎಹ್‌ಪ್ಲಿ’ ಎನ್ನುತ್ತಾರಂತೆ: ಮೊದಲು ಉಸಿರು, ಆಮೇಲೆ ತುಟಿ. ಸ್ಕಾಟ್ಲೆಂಡಿನ ಗೇಲಿಕ್‌ನಲ್ಲೂ ಹಾಗೆಯೇ. ಎಲ್ಲರೂ ಹೇಳಿನೋಡಿದರು. ಹಪ್ಪಳದ ಚೂರು ಹಾರಿತು.

“ಅಂದ್ರೆ ಹಿಂದೇನೇ ಗಟ್ಟಿಯಾದ್ದೇನೋ ಬರ್ತಿದೆ ಅಂತ ವಾರ್ನಿಂಗಾ?” ಎಂದರು ಗೋಪಿನಾಥ್.

“ಕರೆಕ್ಟ್, ಅಂಕಲ್. ಉಸಿರು ಕೇಳಿದ ತಕ್ಷಣ ನಾವು ರೆಡಿ ಆಗ್ಬಿಡ್ತೀವಿ.” ಎಂದವಳು, ಅಭ್ಯಾಸಬಲದಿಂದ, ತಲೆಯನ್ನು ಭುಜಕ್ಕೆ ಒತ್ತಿ ತೋರಿಸಿಯೂ ಬಿಟ್ಟಳು.

ಎದುರಿಗೆ ಶಿವಯೋಗೀಶನ ಕೈಯ ತುತ್ತು ನಿಂತಿತು. ಅವನು ದಡ್ಡನೇನಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವಳು ಉಸಿರಿಗಾಗಿ ಕಾದಳು. ಬರಲಿಲ್ಲ. ಮುಷ್ಟಿ ಬಂತು, ನೇರ ಬಲಗಿವಿಗೆ. ಬಿದ್ದವಳ ಪಕ್ಕೆಗೆ ಒದೆ, ಬಾಯಿಗೆ ಇನ್ನೊಂದು. ಹಲ್ಲೊಂದು ನಾಲಿಗೆಯ ಮೇಲೆ ಉರುಳಿತು. ಅವನ ಮುಖ ಉಸಿರು ಕಟ್ಟಿ ಕೆಂಪಾಗಿತ್ತು.

“ಈಗ ಹ್ಯಾಂಗ ರೆಡಿ ಆಗ್ತಿ?” ಎಂದದ್ದನ್ನು ಅವಳು ಅವನ ತುಟಿಯಲ್ಲಿ ಓದಿಕೊಂಡಳು.

ಎಷ್ಟು ಹೊತ್ತೆಂದು ಉಸಿರು ಬಿಗಿಹಿಡಿಯುತ್ತಾನೆ? ಅಡುಗೆಕಟ್ಟೆಗೆ ಕೈಯೂರಿ ಬಗ್ಗಿ ಏದುಸಿರು ಬಿಡತೊಡಗಿದ. ಬೆಳ್ಳುಳ್ಳಿ ಜಜ್ಜುವ ಗುಂಡುಕಲ್ಲು ಅಲ್ಲೇ ಇತ್ತು. ಅವಳು ಎದ್ದು ಅದನ್ನೆತ್ತಿದಳು. ಗಂಟಲಿನಿಂದ ತಾನಾಗಿಯೇ ಸಣ್ಣ ‘ಹ್’ ಹೊರಟಿತು. ಅವನು ಕೇಳಿಸಿಕೊಂಡು ಅವಳತ್ತ ನೋಡಿದ. ಆಮೇಲೆ ಮಾಡಬೇಕಾದ್ದರ ಅಭ್ಯಾಸ ಅವನಿಗಿರಲಿಲ್ಲ. ಕಲ್ಲು ಕಟ್ಟೆಯ ಮೇಲಿದ್ದ ಅವನ ಬೆರಳುಗಳ ಮೇಲೆ ಇಳಿಯಿತು. ಇನ್ನೊಮ್ಮೆ ಇಳಿಯಿತು.

ಲಿಫ್ಟಿನಲ್ಲಿ ಬಲಗಿವಿಯ ಬಳಿ ಬೆರಳು ಉಜ್ಜಿ ನೋಡಿದಳು. ಬಹಳ ದೂರದಲ್ಲೆಂಬಂತೆ ಸರಸರ. ಇಷ್ಟು ಉಳಿದಿದೆಯಲ್ಲ. ಕೆಳಗೆ, ಕಟ್ಟಡದ ಬುಡದಲ್ಲಿ ಗೋಡೆಯಿಲ್ಲದೆ ತೆರೆದಿದ್ದ ವಾಯ್ಡ್ ಡೆಕ್‌ನ ಕಲ್ಲುಬೆಂಚಿನಲ್ಲಿ ಕೂತು, ಪೊಲೀಸರ ನಂಬರು ಒತ್ತಿ, ಫೋನನ್ನು ಆ ಕಿವಿಗೇ ಹಿಡಿದಳು.