ಆರು ನಂಬರಿನ ಉಂಗುರ

ಕೈ ನೋಡಿಯೇ ಬಳೆಯ ಅಳತೆ ಹೇಳುವವಳು ರೇಣು. ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡದ ಮನೆಗಳಲ್ಲಿ ಮದುವೆ ಮುಂಜಿ ಬಂತೆಂದರೆ ಮೈಸೂರಿನಿಂದ ಬಳೆ ತರಿಸುವ ಕೆಲಸ ಅವಳದೇ. ಆದರೆ ಆ ಜನವರಿಯಲ್ಲಿ, ಡೆಟ್ರಾಯ್ಟಿನ ಯೂನಿವರ್ಸಿಟಿಯಲ್ಲಿ ಉಂಗುರಕ್ಕೆ ಹೆಸರು ಬರೆಸಿಕೊಳ್ಳುವ ಟೇಬಲ್ಲಿನ ಮುಂದೆ ನಿಂತು ಮಗಳ ಬೆರಳಿನ ಅಳತೆ ಹೇಳಲು ಅವಳಿಗೆ ಬಾಯೇ ಬರಲಿಲ್ಲ.

ಮಗಳು ಇಳಾಳಿಗೆ ಅದು ಡಿಗ್ರಿಯ ಕಡೆಯ ವರ್ಷ. ಅಕ್ಟೋಬರಿನಲ್ಲಿ ರಕ್ತದ ಕ್ಯಾನ್ಸರ್ ಎಂದು ತಿಳಿದಾಗಿನಿಂದ ಆಸ್ಪತ್ರೆಯ ಮಂಚದ ಮೇಲೆಯೇ ಓದು, ಅಲ್ಲೇ ಪರೀಕ್ಷೆ. ಕೂದಲು ಹೋದಾಗ ಅಳದ ಹುಡುಗಿ ಡಿಗ್ರಿ ಮುಗಿಸುವವರೆಲ್ಲ ತೊಡುವ ಕ್ಲಾಸಿನ ಉಂಗುರಕ್ಕೆ ಮಾತ್ರ ಹಟ ಹಿಡಿದಿದ್ದಳು. ಡಿಗ್ರಿ ಬರುವ ತನಕ ಅದರ ಮುದ್ರೆ ತೊಟ್ಟವರ ಕಡೆಗೇ ಮುಖ ಮಾಡಿರಬೇಕು. ಬಂದ ದಿನ ಲೋಕದ ಕಡೆಗೆ ತಿರುಗಿಸಿಕೊಳ್ಳಬೇಕು. ಅದು ಅಲ್ಲಿಯ ರೂಢಿ.

ಟೇಬಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, ಹೋದ ವರ್ಷ ಇಳಾ ಆರು ನಂಬರ್ ಎಂದು ಬರೆಸಿದ್ದಾಳೆ, ಅದನ್ನೇ ಹಾಕಲೇ ಎಂದು ಕೇಳಿದಳು. ಬೆಳಿಗ್ಗೆ ಮಗಳ ಬೆರಳಿಗೆ ಸುತ್ತಿ ತಂದ ದಾರ ರೇಣುವಿನ ಪರ್ಸಿನಲ್ಲಿತ್ತು. ಅದು ನಾಲ್ಕು ಹೇಳುತ್ತಿತ್ತು.

"ಆರೇ," ಎಂದಳು ರೇಣು.

ಫೆಬ್ರವರಿಯಲ್ಲಿ ಉಂಗುರ ಬಂತು. ಇಳಾ ತೊಟ್ಟು ಕೈ ಎತ್ತಿದ್ದೇ ತಡ, ಜಾರಿ ಹೊದಿಕೆಯೊಳಗೆ ಬಿತ್ತು.

"ಅಮ್ಮಾ, ದಾರ ಕಟ್ಟಿ ಮೆಷರ್ ಮಾಡಿದ್ಯಲ್ಲಾ. ದೆನ್ ವೈ ಸಿಕ್ಸ್?"

"ಮೈ ತುಂಬ್ಕೊಂಡ್ಮೇಲೆ ಸರಿಹೋಗತ್ತೆ, ಪುಟ್ಟಾ."

ಇಳಾ ತಾಯಿಯ ಮುಖವನ್ನೇ ನೋಡಿದಳು. "ನಂಗೆ ಈಗ ಬೇಕು ಅಮ್ಮಾ. ನಾಟ್ ಲೇಟರ್. ಚಿಕ್ಕದು ಮಾಡಿಸ್ಕೊಂಡು ಬಾ, ಪ್ಲೀಸ್."

ಒಡವೆ ಅಂಗಡಿ ಮನೆಯಿಂದ ಎರಡು ಮೈಲಿ. ಮೊದಲ ದಿನ ಹಿಮ ಎಂದು ರೇಣು ಹೋಗಲಿಲ್ಲ. ಮೂರನೆಯ ದಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ ವಾಪಸಾದಳು. ಚಿನ್ನವನ್ನು ಕತ್ತರಿಸಿ ಚಿಕ್ಕದು ಮಾಡಿಸಿದರೆ ಮಗಳು ಇನ್ನು ಚೇತರಿಸಿಕೊಳ್ಳುವುದಿಲ್ಲವೆಂದು ತಾನೇ ಒಪ್ಪಿಕೊಂಡಂತಾಗುತ್ತದೆ ಎನಿಸಿತು. ಸಂಜೆಯಾದರೆ ಇಳಾ, "ಆಯ್ತಾ?" ಎನ್ನುವಳು. "ನಾಳೆ ಕೊಡ್ತಾರಂತೆ," ಎಂದು ಇವಳು ಸುಳ್ಳು ಹೇಳುವಳು. ಎಂಟನೆಯ ದಿನ ಇಳಾ ಕೇಳುವುದನ್ನೇ ಬಿಟ್ಟಳು. ಅದನ್ನು ತಾಳಲಾರದೆ ರೇಣು ನೇರವಾಗಿ ಅಂಗಡಿಗೆ ಹೋದಳು.

ಗುರುವಾರ ಉಂಗುರ ಬೆರಳಿಗೆ ಕಚ್ಚಿದ ಹಾಗೆ ಕೂತಿತು. ಬಂದ ನರ್ಸುಗಳಿಗೆಲ್ಲ ಇಳಾ ಕೈ ಚಾಚಿ ತೋರಿಸಿದಳು. ಒಬ್ಬಾಕೆ, ಈಗಲೇ ತಿರುಗಿಸಿಕೋ, ಯಾರು ನೋಡುತ್ತಾರೆ ಎಂದಳು. ಇಳಾ ನಕ್ಕು ಬೇಡವೆಂದು ತಲೆಯಾಡಿಸಿದಳು. ಇನ್ನೂ ಡಿಗ್ರಿ ಬಂದಿರಲಿಲ್ಲವಲ್ಲ.

ಸೋಮವಾರ ಬೆಳಿಗ್ಗೆ ಅವಳು ಹೋಗಿಬಿಟ್ಟಳು.

ಮೇ ತಿಂಗಳಲ್ಲಿ ಯೂನಿವರ್ಸಿಟಿಯವರು ಇಳಾಳ ಡಿಗ್ರಿಯನ್ನು ತಂದೆತಾಯಿಯ ಕೈಗೆ ಕೊಟ್ಟರು. ಸಭಾಂಗಣದಲ್ಲಿ ನೂರಾರು ಮಕ್ಕಳು ಒಟ್ಟಿಗೆ ಉಂಗುರ ತಿರುಗಿಸಿಕೊಂಡು ಕೂಗಿ ಕುಣಿದರು. ರೇಣು ಕೈಕಟ್ಟಿ ಕುಳಿತಿದ್ದಳು. ಉಂಗುರವನ್ನು ಗಂಡಹೆಂಡತಿ ಮಗಳ ಬೆರಳಿನಿಂದ ತೆಗೆದಿರಲಿಲ್ಲ, ಅವಳೊಂದಿಗೇ ಕಳುಹಿಸಿದ್ದರು.

ಮನೆಯ ಕಡೆ ಹೊರಟಾಗ ಗಂಡ ಬಸವರಾಜ ಡ್ರೈವ್ ಮಾಡುತ್ತಿದ್ದ. ಪ್ಲಿಮತ್ತಿನ ಆಫೀಸಿಗೆ ಮತ್ತೆ ಹೋಗಲು ಶುರು ಮಾಡಿದ ಮೇಲೆ ಅವನ ಮಾತೇ ಕಡಿಮೆಯಾಗಿತ್ತು.

"ರೀ," ಎಂದಳು ರೇಣು. "ಅಂಗಡಿಯೋರು ತಡ ಮಾಡ್ಲಿಲ್ಲ. ನಾನೇ ಎಂಟು ದಿನ ಪರ್ಸಲ್ಲಿ ಇಟ್ಕೊಂಡಿದ್ದೆ. ಇಲ್ದಿದ್ರೆ ಮಗು ಇನ್ನಷ್ಟು ದಿನ ಹಾಕ್ಕೊಂಡಿರ್ತಿತ್ತು."

ಬಸವರಾಜ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಹಾಗೆಯೇ ಹೇಳಿದ:

"ನಂಗೊತ್ತಿತ್ತು ಕಣೇ. ಕಾರ್ ಕೀ ಹುಡುಕ್ವಾಗ ಪರ್ಸಲ್ಲಿ ನೋಡಿದ್ದೆ. ನಾನೂ ಏನೂ ಅನ್ನಲಿಲ್ಲ."

ಹೆದ್ದಾರಿಯಿಂದ ಮನೆಯ ಕಡೆ ಇಳಿಯಬೇಕಾಗಿದ್ದ ಎಕ್ಸಿಟ್ ದಾಟಿಹೋಯಿತು. ಇಬ್ಬರಲ್ಲಿ ಯಾರೂ ಅದನ್ನು ಹೇಳಲಿಲ್ಲ.