ಕಲ್ಲುದಾರಿಗೆ ಇಪ್ಪತ್ತಾರು ಪಾಯಿಂಟ್

ಎಕ್ಸ್‌ರೇ ವ್ಯಾನು ಕಲ್ಲು ಕ್ವಾರಿಗೆ ಹತ್ತುತ್ತಿರುವುದು ಇದು ಎರಡನೆಯ ಸಲ. ಮೊದಲ ಸಲ ಮೂರನೆಯ ತಿರುವಿನಲ್ಲೇ ಯಂತ್ರದೊಳಗಿನ ಗಾಜಿನ ನಳಿಗೆ ಬಿರುಕು ಬಿಟ್ಟಿತ್ತು. ಆ ಸಣ್ಣ ಸದ್ದು ಕೇಳಿಸಿದ್ದು ಯಂತ್ರದ ಪಕ್ಕ ಕೂತಿದ್ದ ಎಕ್ಸ್‌ರೇ ಮೇಡಂಗೆ ಮಾತ್ರ. ಕಂಪನಿ ಅದಕ್ಕೇ ಕಾದು ಕೂತಿತ್ತೇನೋ ಎಂಬಂತೆ ಮರುದಿನವೇ ನೋಟೀಸು ಅಂಟಿಸಿತು. ಯಂತ್ರವನ್ನು ಇನ್ನೊಮ್ಮೆ ಕಳಿಸಲಾಗುವುದು. ಆಗಲೂ ಅದು ಸುಸ್ಥಿತಿಯಲ್ಲಿ ಮೇಲೆ ತಲುಪದಿದ್ದರೆ ಕಾರ್ಮಿಕರ ಶ್ವಾಸಕೋಶ ತಪಾಸಣೆಯ ಹೊಣೆ ಕಂಪನಿಯದಲ್ಲ.

ಆ ಹೊಣೆಯನ್ನು ಕಂಪನಿಯ ಹೆಗಲಿಗೆ ಹೊರಿಸಲು ಜನ ಹನ್ನೊಂದು ದಿನ ಕಲ್ಲು ಪುಡಿಮಾಡುವ ಕ್ರಷರ್ ನಿಲ್ಲಿಸಿ ಗೇಟಿನ ಮುಂದೆ ಕೂತಿದ್ದರು. ಹನ್ನೊಂದು ದಿನ ಒಲೆ ಉರಿಯದ ಮನೆಗಳಿದ್ದವು. ಅಷ್ಟೆಲ್ಲ ಮಾಡಿ ಗಿಟ್ಟಿಸಿದ ಒಪ್ಪಂದ ಈಗ ಒಂದು ಗಾಜಿನ ನಳಿಗೆಯ ಮೇಲೆ ನಿಂತಿತ್ತು.

ಡಾಂಬರು ಮುಗಿದು ಕಲ್ಲುದಾರಿ ಶುರುವಾಗುವಲ್ಲಿ ಗಾಳಿಯಕ್ಕನ ಟೈರು ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಮಾಡು, ಒಂದು ಕಂಪ್ರೆಸರ್, ಗೋಡೆಗೆ ಒರಗಿಸಿದ ಹಳೇ ಟ್ಯೂಬುಗಳು. ಮೇಲೆ ಕ್ವಾರಿಯಲ್ಲಿ, ಕ್ರಷರಿನ ಬಾಯಿಯ ಹತ್ತಿರ ಅವಳ ತಮ್ಮ ಕೆಲಸಕ್ಕೆ ನಿಂತು ಒಂಬತ್ತು ವರ್ಷವಾಗಿತ್ತು. ಕೆಮ್ಮು ಹತ್ತಿ ಎರಡು ವರ್ಷ. ಬೀಡಿ ಮುಟ್ಟಿದವನೇ ಅಲ್ಲ. ಕಂಪನಿಯ ದವಾಖಾನೆ ಚೀಟಿಯಲ್ಲಿ ‘ಬೀಡಿ ಕೆಮ್ಮು’ ಎಂದು ಬರೆದು ಕೈತೊಳೆದುಕೊಂಡಿತ್ತು. ಫಿಲ್ಮಿನಲ್ಲಿ ದೂಳಿನ ಗುರುತು ಕಂಡರೆ ಅವತ್ತೇ ಅವನನ್ನು ಕ್ರಷರಿನಿಂದ ಬಿಡಿಸಿ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು, ಒಪ್ಪಂದದಲ್ಲಿ ಹಾಗಿದೆ. ಆದರೆ ಕಂಪನಿ ಒಪ್ಪುವುದು ಕಂಪನಿಯ ಫಿಲ್ಮನ್ನು ಮಾತ್ರ. ವ್ಯಾನು ಮೇಲೆ ಹೋಗದಿದ್ದರೆ ತಮ್ಮ ಆ ಬಾಯಿಯ ಮುಂದೆಯೇ ನಿಲ್ಲುತ್ತಾನೆ, ನಿಲ್ಲುವಷ್ಟು ದಿನ.

ಬೆಳಿಗ್ಗೆ ಎಂಟಕ್ಕೆ ವ್ಯಾನು ಗಾಳಿಗೆಂದು ಅಂಗಡಿ ಮುಂದೆ ನಿಂತಿತು. ಮುಂದಿನ ಸೀಟಿನಿಂದ ಸುರಕ್ಷತಾ ಅಧಿಕಾರಿ ಇಳಿದರು. ಎಲ್ಲದಕ್ಕೂ ಸುತ್ತೋಲೆ ತೋರಿಸುವ ಅವರಿಗೆ ಜನ ಇಟ್ಟ ಹೆಸರು ಸುತ್ತೋಲೆ ಸಾಹೇಬ.

“ಅರವತ್ತೈದು ಪಾಯಿಂಟ್ ಗಾಳಿ ಹೊಡಿಯಮ್ಮ. ನಾಲ್ಕಕ್ಕೂ.”

ಗಾಳಿಯಕ್ಕ ಟೈರು ನೋಡಿದಳು. ಅವಳ ಸೊಂಟ ಮುಟ್ಟುವಷ್ಟು ಎತ್ತರ, ಎರಡು ಗೇಣು ಅಗಲ, ಮೈತುಂಬ ದಪ್ಪ ಹಲ್ಲು. ಕಲ್ಲುದಾರಿಗೆ ದೊಡ್ಡ ಟೈರೇ ಬೇಕೆಂದು ಮೇಲಿನವರು ಯಾರೋ ತೀರ್ಮಾನಿಸಿದ್ದರು. ತೀರ್ಮಾನ ಸರಿಯಾಗಿಯೇ ಇತ್ತು. ಅದರೊಳಗೆ ಎಷ್ಟು ಗಾಳಿ ಎಂದು ಕೇಳುವ ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

“ಅರವತ್ತೈದು ಹೊಡೆದ್ರೆ ಇದು ಟೈರಾಗಿರಲ್ಲ ಸಾರ್, ಬಂಡೆ ಆಗುತ್ತೆ. ಬಂಡೆ ಮೇಲೆ ಬಂಡೆ ಉರುಳಿಸ್ಕೊಂಡು ಹೋದ್ರೆ ಒಳಗಿರೋ ಗಾಜು ಏನಾಗ್ಬೇಕು?”

“ನಿನ್ನ ಅಭಿಪ್ರಾಯ ಯಾರೂ ಕೇಳಿಲ್ಲ. ಎಷ್ಟು ಗಾಳಿ ಅಂತ ಬಾಗಿಲಲ್ಲೇ ಪ್ಲೇಟ್ ಇದೆ. ಪ್ಲೇಟ್ ಪ್ರಕಾರ ಹೋಗ್ಬೇಕು ಅಂತ ಆರ್ಡರ್ ಇದೆ.”

“ಹೋದ್ಸಲಾನೂ ಪ್ಲೇಟ್ ಪ್ರಕಾರಾನೇ ಒಡೆದದ್ದು,” ಎಂದರು ಎಕ್ಸ್‌ರೇ ಮೇಡಂ, ಹಿಂದಿನ ಬಾಗಿಲಿನಿಂದ ತಲೆ ಹೊರಹಾಕಿ.

ಡ್ರೈವರು ಸ್ಟೀರಿಂಗ್ ಬಿಡಲಿಲ್ಲ. “ನನ್ನನ್ನ ಮಧ್ಯ ಎಳೀಬೇಡಿ. ಒಂದು ಪಾಯಿಂಟ್ ಆಚೀಚೆ ಆದ್ರೂ ಮೆಮೊ ಬರೋದು ನನ್ನ ಹೆಸರಿಗೇ. ಗಾಳಿ ಯಾರದೋ, ತಲೆ ನಂದು.”

ಗಾಳಿಯಕ್ಕ ಅಕ್ಷರ ಕಲಿತದ್ದು ಮೂವತ್ತಾರನೆಯ ವಯಸ್ಸಿನಲ್ಲಿ, ಕಾರ್ಮಿಕ ಸಂಘದ ಶೆಡ್ಡಿನ ಓದುಕೂಟದಲ್ಲಿ. ಕಲಿಸುತ್ತಿದ್ದವಳು ಒಬ್ಬ ಹೊಲಿಗೆಯಾಕೆ. ಯಾರಾದರೂ ಅರ್ಧ ಸಾಲು ಓದಿ ನಿಲ್ಲಿಸಿದರೆ ಕತ್ತರಿಯಿಂದ ಮೇಜು ಕುಟ್ಟಿ, “ಉಳಿದರ್ಧ ಯಾರಿಗೆ ಬಿಟ್ಟೆ?” ಎನ್ನುವಳು. ಆ ಕೂಟದಲ್ಲಿ ಅವರು ಸಂಬಳದ ಒಪ್ಪಂದವನ್ನು ಹೀಗೆಯೇ ಸಾಲುಸಾಲಾಗಿ ಓದಿ ಅದರ ಹುಳುಕು ಹೆಕ್ಕಿದ್ದರು.

ಅವಳು ಡ್ರೈವರಿನ ಬಾಗಿಲು ತೆಗೆದು, ಜಿಡ್ಡುಗಟ್ಟಿದ ಪ್ಲೇಟನ್ನು ಬಟ್ಟೆಯಿಂದ ತಿಕ್ಕಿದಳು.

“ಓದಿ ಸಾರ್.”

“ಅರವತ್ತೈದು.”

“ಸಾಲು ಪೂರ್ತಿ ಓದಿ.”

ಅಧಿಕಾರಿ ಕನ್ನಡಕ ಹಾಕಿಕೊಂಡರು. ಸಾಲಿನ ಆರಂಭದಲ್ಲಿ ಟೈರಿನ ಅಳತೆಯಿತ್ತು, ಕೊನೆಯಲ್ಲಿ ಅರವತ್ತೈದು. ಅಳತೆಯನ್ನು ಗಟ್ಟಿಯಾಗಿ ಓದಿದರು.

“ಈಗ ಟೈರ್ ಮೈಮೇಲೆ ಬರೆದಿರೋದನ್ನ ಓದಿ.”

ಅವರು ಬಗ್ಗಿ, ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿದ್ದ ಅಂಕಿಗಳನ್ನು ಬೆರಳಿಟ್ಟು ಓದಿದರು. ಒಂದೂ ಹೊಂದಲಿಲ್ಲ. ಎದ್ದು ನಿಂತು ಇನ್ನೊಮ್ಮೆ ಪ್ಲೇಟು ನೋಡಿದರು.

“ಆ ಪ್ಲೇಟು ಮಾತಾಡ್ತಿರೋದು ಹಳೇ ಸಣ್ಣ ಟೈರಿನ ಬಗ್ಗೆ ಸಾರ್. ಇದರ ಬಗ್ಗೆ ಅದು ಬಾಯೇ ಬಿಟ್ಟಿಲ್ಲ. ಟೈರು ದೊಡ್ಡದಾದ್ರೆ ಅದೇ ಭಾರ ಹೊರೋಕೆ ಕಡಿಮೆ ಒತ್ತಡ ಸಾಕು.”

“ಹಾಗಾದ್ರೆ ಇದಕ್ಕೆ ಎಷ್ಟು?”

“ಅದನ್ನ ಟೈರನ್ನೇ ಕೇಳ್ಬೇಕು.”

ಸಾಹೇಬರಿಗೆ ಒಪ್ಪಲೂ ಆಗದು, ಬಿಡಲೂ ಆಗದು. “ಬರೆದು ಕೊಡ್ತೀಯಾ?” ಎಂದರು. ಹೆದರಿ ಹಿಂಜರಿಯುತ್ತಾಳೆ ಎಂದುಕೊಂಡಿರಬೇಕು. ಅವಳು ಬಿಲ್ಲು ಪುಸ್ತಕದ ಹಾಳೆ ಹರಿದು, ಪ್ಲೇಟಿನ ಅಳತೆ ಇದು, ಟೈರಿನ ಅಳತೆ ಇದು, ಎರಡೂ ಬೇರೆ, ಆದ್ದರಿಂದ ಪರೀಕ್ಷೆ ಮಾಡಿ ಗಾಳಿ ಇಳಿಸುತ್ತಿದ್ದೇನೆ ಎಂದು ಬರೆದು ಸಹಿ ಹಾಕಿದಳು. ಹಾಳೆಯನ್ನು ಅವರಿಗೇ ಚಾಚಿದಳು.

“ನೀವೂ ಓದಿದ್ರಲ್ಲ ಸಾರ್. ಓದಿದೆ ಅಂತ ಒಂದು ಸಹಿ.”

ಮೇಡಂ ಒಳಗೆ ಕೆಮ್ಮಿದರು. ನಗು ತಡೆಯುವ ಕೆಮ್ಮು. ಸಾಹೇಬರು ಅತ್ತಿತ್ತ ನೋಡಿ ಸಹಿ ಹಾಕಿದರು.

ಗಾಳಿಯಕ್ಕ ಮೊದಲು ಅರವತ್ತೈದೇ ತುಂಬಿ, ಸೀಮೆಸುಣ್ಣ ತಂದು ನಾಲ್ಕೂ ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪ ಗೆರೆ ಎಳೆದಳು. ಡ್ರೈವರು ಡಾಂಬರಿನ ಮೇಲೆ ಐವತ್ತು ಹೆಜ್ಜೆ ಓಡಿಸಿ ನಿಲ್ಲಿಸಿದ. ಗೆರೆ ನಟ್ಟನಡುವೆ ಅಳಿಸಿತ್ತು, ಎರಡೂ ಅಂಚಲ್ಲಿ ಬೆಳ್ಳಗೆ ಹಾಗೇ ಇತ್ತು.

“ನೋಡಿ, ಹೊಟ್ಟೆ ಉಬ್ಬರಿಸ್ಕೊಂಡು ನಡೂಮಧ್ಯದ ಮೇಲೆ ಮಾತ್ರ ನಿಂತಿದೆ.”

ಗಾಳಿ ಬಿಟ್ಟಳು, ಮತ್ತೆ ಗೆರೆ ಎಳೆದಳು, ಮತ್ತೆ ಓಡಿಸಿದರು. ಐವತ್ತಕ್ಕೆ ಅಂಚು ಒಂಚೂರು ಮಾಸಿತು. ನಲವತ್ತಕ್ಕೆ ಗೆರೆ ಈ ಕಡೆಯಿಂದ ಆ ಕಡೆಗೆ ಒಂದೇ ಸಮ ಅಳಿಸಿಹೋಯಿತು. “ಡಾಂಬರಿಗೆ ಇದು. ಕಲ್ಲಿಗೆ ಇನ್ನೂ ಇಳೀಬೇಕು. ಆದ್ರೆ ನಡಿಗೆ ವೇಗದಲ್ಲಿ ಹೋಗ್ಬೇಕು, ಡ್ರೈವರಣ್ಣ. ಜೋರು ಮಾಡಿದ್ರೆ ಟೈರು ಕಾದು ಹಾಳಾಗುತ್ತೆ.”

ಮುಂದಿನವಕ್ಕೆ ಇಪ್ಪತ್ತೆರಡು ಸಾಕಾಯಿತು. ಯಂತ್ರದ ಭಾರ ಹಿಂದಿದ್ದದ್ದರಿಂದ ಹಿಂದಿನವಕ್ಕೆ ಇಪ್ಪತ್ತಾರು. ಕೊನೆಯ ವಾಲ್ವಿನ ಮೇಲೆ ಹೆಬ್ಬೆರಳಿಟ್ಟಾಗ ಅವಳ ಕೈ ತಡೆಯಿತು. ಇನ್ನೂ ನಾಲ್ಕು ಪಾಯಿಂಟ್ ಬಿಟ್ಟರೆ ಇನ್ನೂ ಮೆತ್ತಗಾಗುತ್ತದೆ, ಗಾಜು ಇನ್ನೂ ನೆಮ್ಮದಿಯಾಗಿರುತ್ತದೆ ಎಂದು ಅಕ್ಕನ ಮನಸ್ಸು ಹೇಳುತ್ತಿತ್ತು. ತೀರಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುತ್ತದೆ ಎಂದು ಹದಿನಾಲ್ಕು ವರ್ಷ ಗಾಳಿ ಹೊಡೆದ ಕೈ ಹೇಳುತ್ತಿತ್ತು. ಅವಳು ಕೈಯ ಮಾತು ಕೇಳಿದಳು. ಹೆಬ್ಬೆರಳು ತೆಗೆದು ಮುಚ್ಚಳ ತಿರುಗಿಸಿದಳು.

ಅಂಗಡಿಗೆ ಬಾಗಿಲೆಳೆದು, ವ್ಯಾನಿನ ಹಿಂಭಾಗದಲ್ಲಿ ಮೇಡಂ ಎದುರು ಯಂತ್ರ ಹಿಡಿದು ಕೂತಳು.

ಮೊದಲ ತಿರುವು ಕಳೆಯಿತು. ವ್ಯಾನು ತುಂಬಿದ ಕೊಡ ಹೊತ್ತವಳಂತೆ ಸೊಂಟ ಕುಲುಕುತ್ತ ಹತ್ತುತ್ತಿತ್ತು; ಕುಕ್ಕುತ್ತಿರಲಿಲ್ಲ. ಎರಡನೆಯದೂ ಕಳೆಯಿತು. ಮೂರನೆಯದರಲ್ಲಿ ದಾರಿಯ ನಡುವೆ ಮೂಲೆ ಮೇಲೆದ್ದ ಕಲ್ಲೊಂದಿತ್ತು. ತಪ್ಪಿಸಲು ಜಾಗವಿರಲಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡರು. ಹಿಂದಿನ ಎಡಗಾಲಿ ಕಲ್ಲಿನ ಮೇಲೇರಿತು. ದೊಡ್ಡ ಟೈರು ಅದನ್ನು ಮೆಲ್ಲಗೆ ಹೊಟ್ಟೆಗೆ ಹಾಕಿಕೊಂಡು ಆಚೆ ಇಳಿಯಿತು.

“ಕಲ್ಲು ಬಂತಾ?” ಎಂದು ಮುಂದಿನಿಂದ ಸಾಹೇಬರು ಕೇಳಿದರು.

“ಬಂದು ಹೋಯ್ತು ಸಾರ್,” ಎಂದ ಡ್ರೈವರು. ಅವನ ದನಿಯೇ ಬದಲಾಗಿತ್ತು.

ಮೇಲೆ ನಲವತ್ಮೂರು ಜನ ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಮೇಡಂ ತಂತಿ ಜೋಡಿಸಿ, ಖಾಲಿ ಹಲಗೆಯ ಮೇಲೆ ಒಂದು ಸಲ ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು, ಯಂತ್ರ ಗುಂಯ್‌ಗುಟ್ಟಿತು.

“ಸರಿ ಇದೆ,” ಎಂದರು. ಅಷ್ಟೇ. ಆ ಎರಡು ಮಾತಿಗೆ ಸಾಲಿನ ಕೊನೆಯವರೆಗೂ ಜನರ ಹೆಗಲು ಇಳಿದವು.

ತಮ್ಮನ ಸರದಿ ಹತ್ತೊಂಬತ್ತನೆಯದು. “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ,” ಎಂದರು ಮೇಡಂ.

“ಹಿಡ್ಕೊಳ್ಳೋಕೆ ಬಂದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಮೇಡಂ?” ಎಂದ. ಸಾಲಿನಲ್ಲಿ ನಗು ಎದ್ದಿತು. ಕೆಮ್ಮು ನಿಲ್ಲುವವರೆಗೆ ಮೇಡಂ ಕಾದರು.

ತಪಾಸಣೆಗೆಂದು ಹೊರಗಿನಿಂದ ಬಂದಿದ್ದ ಡಾಕ್ಟರು ಕಿಟಕಿಯ ಬೆಳಕಿಗೆ ಒದ್ದೆ ಫಿಲ್ಮು ಹಿಡಿದು ತುಂಬ ಹೊತ್ತು ನೋಡಿದರು. ಗಾಳಿಯಕ್ಕನಿಗೆ ಗಾಳಿ ಅಳೆಯುವ ಗೇಜು ಓದಲು ಬರುತ್ತಿತ್ತು, ಒಪ್ಪಂದ ಓದಲು ಬರುತ್ತಿತ್ತು. ಈ ಕಪ್ಪುಬಿಳುಪು ಓದಲು ಬಾರದೆ ಡಾಕ್ಟರ ಮುಖವನ್ನೇ ಓದುತ್ತ ನಿಂತಳು.

“ದೂಳಿದು. ಬೀಡಿ ಅಲ್ಲ,” ಎಂದರು ಡಾಕ್ಟರು. “ಮೇಲ್ಗಡೆ ಸಣ್ಣ ಚುಕ್ಕೆಗಳಿವೆ. ಇನ್ನೂ ಗಂಟು ಕಟ್ಟಿಲ್ಲ. ಈಗ ಆ ಕೆಲಸ ಬಿಟ್ರೆ ಇಲ್ಲಿಗೇ ನಿಲ್ಲಬಹುದು. ಇನ್ನೆರಡು ವರ್ಷ ಅಲ್ಲೇ ಇದ್ದಿದ್ರೆ ನಾನೂ ಏನೂ ಹೇಳೋಕಾಗ್ತಿರಲಿಲ್ಲ.”

ಬರೆದರು. ಸಾಹೇಬರು ಮೊಹರು ಒತ್ತಿದರು. ಇವತ್ತಿನಿಂದಲೇ ಕ್ರಷರ್ ಇಲ್ಲ. ನಾಳೆಯಿಂದ ಲಾರಿ ತೂಗುವ ಕಟ್ಟೆಯಲ್ಲಿ ಚೀಟಿ ಬರೆಯುವ ಕೆಲಸ.

ಸಂಜೆಯೊಳಗೆ ಕ್ರಷರಿನಿಂದ ಬಿಡಿಸಿದ ಅಂಥ ಚೀಟಿ ಹನ್ನೆರಡು ಜನರ ಕೈಯಲ್ಲಿತ್ತು. ಕ್ರಷರು ನಾಳೆಯೂ ತಿರುಗುತ್ತದೆ. ದೂಳಡಗುವಂತೆ ಅದರ ಬಾಯಿಗೆ ನೀರು ಹಾಯಿಸದೆ ಇನ್ನು ಯಾರ ತಮ್ಮನನ್ನು ನಿಲ್ಲಿಸುತ್ತೀರಿ ಎಂದು ಕೇಳಲೇಬೇಕು. ಅದಕ್ಕೆ ಇನ್ನೆಷ್ಟು ದಿನ ಗೇಟಿನ ಮುಂದೆ ಕೂರಬೇಕೋ.

ಗಾಳಿಯಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ತಮ್ಮ ಚೀಟಿ ಹಿಡಿದು ಬಂದು ಪಕ್ಕದಲ್ಲಿ ನಿಂತ. ದೂರದಲ್ಲಿ ಪಾಳಿಯ ಸೈರನ್ನು ಕೂಗಿತು. ಒಂಬತ್ತು ವರ್ಷದ ಅಭ್ಯಾಸಕ್ಕೆ ಅವನ ಕಾಲು ಆ ಕಡೆ ಒಂದು ಹೆಜ್ಜೆ ಇಟ್ಟು, ನಿಂತಿತು.

“ಅಕ್ಕ, ಈಗ ನಾನೇನ್ ಮಾಡ್ಲಿ?”

“ಏನೂ ಮಾಡ್ಬೇಡ,” ಎಂದು ಅವಳು ಸರಿದು ಜಾಗ ಮಾಡಿದಳು. “ಕೂತ್ಕೋ.”