ಒಂಟಿ ಕ್ಯಾಬಿನ್ನೇ ಬೇಕೆಂದವಳು

ನನ್ನ ಗಂಡ ಆರಿನ್ ಮೊದಲು ಕ್ಯಾಂಪರ್ ಕೊಂಡ, ಆಮೇಲೆ ಅದನ್ನು ಹೊರುವ ಪಿಕಪ್ ಹುಡುಕಲು ಹೊರಟ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೆಂದರೆ ಇದೇ. ಹಾಸಿಗೆ, ಒಲೆ, ಕಕ್ಕಸು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಪೆಟ್ಟಿಗೆಮನೆ ಅದು. ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಕೂರಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಹೋಗುವುದಿರಲಿ, ವಸಂತದಿಂದ ನಮ್ಮ ಅಂಗಳದಲ್ಲಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತುಕೊಂಡಿತ್ತು. ಒಮ್ಮೆ ನಮ್ಮ ಹಳೆಯ ಪಿಕಪ್ಪಿನ ಮೇಲೆ ಇಳಿಸಿ ನೋಡಿದೆವು. ಗಾಡಿಯ ಹಿಂಭಾಗ ನೆಲ ಕಚ್ಚಿತು, ಮೂತಿ ಆಕಾಶ ನೋಡಿತು. ಬರ್ನ್ಸ್ ಊರಿನಲ್ಲಿ ಇಂಥದ್ದನ್ನು ನೋಡಲು ಜನ ಬಹಳ ಬೇಗ ಸೇರುತ್ತಾರೆ.

ಹೊಸ ಪಿಕಪ್ ಬೇಕು ಎನ್ನುವುದರಲ್ಲಿ ಜಗಳವಿರಲಿಲ್ಲ. ಯಾವ ಕ್ಯಾಬಿನ್ ಎನ್ನುವುದರಲ್ಲಿ ಇಡೀ ಬೇಸಿಗೆ ಹೋಯಿತು. ಒಂದೇ ಸಾಲು ಸೀಟಿರುವುದು ಒಂಟಿ ಕ್ಯಾಬಿನ್. ಹಿಂದೆ ಇನ್ನೊಂದು ಸಾಲು, ಅದಕ್ಕೆ ಬೇರೆ ಬಾಗಿಲು ಇದ್ದರೆ ಜೋಡಿ ಕ್ಯಾಬಿನ್. ಇವೆರಡರ ನಡುವೆ ಒಂದೂವರೆ ಕ್ಯಾಬಿನ್ ಅಂತ ಒಂದಿದೆ. ಅದರ ಹಿಂದಿನ ಸೀಟಿನಲ್ಲಿ ಕೂರಬೇಕಾದರೆ ಮೊಣಕಾಲನ್ನು ಮನೆಯಲ್ಲಿ ಬಿಟ್ಟುಬರಬೇಕು. ಆರಿನ್‌ಗೆ ಹಳೆಯ ಗಾಡಿಯಂತೆಯೇ ಜೋಡಿ ಕ್ಯಾಬಿನ್ ಬೇಕಿತ್ತು. ನನಗೆ ಒಂಟಿ. ನಾನು ಬಾಯಲ್ಲಿ ಹೇಳುತ್ತಿದ್ದ ಕಾರಣ ತೂಕ. ನಿಜವಾದ ಕಾರಣ ನನ್ನ ಮೈದುನ ಡೆಲ್ಬರ್ಟ್.

ನಮ್ಮ ಕಡೆ ಎರಡು ಜೋಡಿ ಒಂದೇ ಗಾಡಿಯಲ್ಲಿ ಹೊರಟರೆ ಗಂಡಸರು ಮುಂದೆ, ಹೆಂಗಸರು ಹಿಂದೆ. ಯಾವ ಪುಣ್ಯಾತ್ಮ ಮಾಡಿದ ಕಾನೂನೋ, ಪಾದ್ರಿಯ ಕಾರಿನಲ್ಲೂ ಹೀಗೆಯೇ. ಡೆಲ್ಬರ್ಟನ ಹೆಂಡತಿ ಟ್ವೈಲಾ ಬದುಕಿದ್ದಾಗ ನನಗೇನೂ ತಕರಾರಿರಲಿಲ್ಲ. ಹಿಂದೆ ಕೂತು ನಾವಿಬ್ಬರೂ ಮುಂದಿನ ಇಬ್ಬರ ಬೋಳು ನೆತ್ತಿ ನೋಡಿಕೊಂಡು ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದೆವು. ಟ್ವೈಲಾ ಸತ್ತಳು. ಯಾರೂ ಸೀಟು ಬದಲಾಯಿಸಲಿಲ್ಲ. ಡೆಲ್ಬರ್ಟ್ ಆರಿನ್‌ನ ಪಕ್ಕದಲ್ಲೇ ಉಳಿದ. ನಮ್ಮ ಕಡೆ ಸ್ಟೀರಿಂಗ್ ಎಡಕ್ಕೆ, ಪಕ್ಕದ ಸೀಟು ಬಲಕ್ಕೆ. ನಾನು ಹಿಂದಿನ ಸೀಟಿನ ಬಲಗಡೆ, ಪಕ್ಕದಲ್ಲಿ ಐಸ್ ಪೆಟ್ಟಿಗೆ, ಕಾಲ ಬಳಿ ಗ್ರೇವಿ ಎನ್ನುವ ನಾಯಿ.

ಮುಂದೆ ಅಣ್ಣತಮ್ಮಂದಿರ ಮಾತು ಮುಗಿಯುತ್ತಿರಲಿಲ್ಲ. ಹುಲ್ಲಿನ ಧಾರಣೆ, ಎಲ್ಕ್ ಜಿಂಕೆಯ ಹೆಜ್ಜೆ, ಯಾರ ಟ್ರ್ಯಾಕ್ಟರ್ ಯಾವ ಹಳ್ಳಕ್ಕೆ ಬಿತ್ತು. ಡೆಲ್ಬರ್ಟ್ ಎಂದರೆ ಗಂಟಲು ಹರಿದುಕೊಂಡೇ ಮಾತಾಡುವ ಪ್ರಾಣಿ. ರಸ್ತೆ ಕೂಡುವಲ್ಲೆಲ್ಲ, ಯಾರೂ ಕೇಳದಿದ್ದರೂ, "ಬಲಗಡೆ ಖಾಲಿ!" ಎಂದು ಕೂಗುವುದು ಬೇರೆ. ಹಿಂದಿನಿಂದ ನಾನು ಏನಾದರೂ ಹೇಳಿದರೆ ನನ್ನ ಗಂಡ ತಿರುಗಿಯೂ ನೋಡುತ್ತಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಗಂಡನ ಪಕ್ಕದಲ್ಲಿ ಕೂತು, ಏನಾದರೂ ಹೇಳಿ, ಅದಕ್ಕೊಂದು ಉತ್ತರ ಪಡೆಯಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಹಿಂದಿನ ಸೀಟೇ ಇಲ್ಲದ ಗಾಡಿ ಬಂದರೆ ಡೆಲ್ಬರ್ಟನಿಗೆ ಜಾಗವಿರುವುದಿಲ್ಲ ಎಂದು ನನ್ನ ಲೆಕ್ಕ.

ಡೆಲ್ಬರ್ಟ್ ದಿನವೂ ಬೆಳಿಗ್ಗೆ ನಮ್ಮ ಮನೆಗೇ ತಿಂಡಿಗೆ ಬರುತ್ತಿದ್ದ. ತಟ್ಟೆಯಲ್ಲಿದ್ದ ನಾಲ್ಕನೆಯ ಬಿಸ್ಕಿಟ್ ರೊಟ್ಟಿಗೆ ಗೊಜ್ಜು ಸುರಿದುಕೊಳ್ಳುತ್ತಾ ಉಪದೇಶ ಶುರು ಮಾಡುತ್ತಿದ್ದ.

"ಅತ್ತಿಗೆ, ಒಂಟಿ ಕ್ಯಾಬಿನ್ ತಗೊಂಡ್ರೆ ಬಂದೂಕು ಎಲ್ಲಿಡ್ತೀರಿ? ಒದ್ದೆ ಕೋಟು ಎಲ್ಲಿಡ್ತೀರಿ? ನಾಯಿ?"

"ನಾಯಿಗೆ ಜಾಗ ಇರುತ್ತೆ ಬಿಡಪ್ಪ. ನಿಂಗಿರಲ್ಲ."

"ನೋಡಣ್ಣ, ಹೆಂಗಂತಾರೆ!"

"ನಾನಂತಿಲ್ಲ, ತೂಕ ಅಂತಿದೆ. ಬಾಗಿಲ ಹತ್ರ ಹಳದಿ ಚೀಟಿ ಅಂಟ್ಸಿರ್ತಾರೆ, ಎಷ್ಟು ಹೊರುತ್ತೆ ಅಂತ. ಕ್ಯಾಬಿನ್ ದೊಡ್ಡದಾದಷ್ಟೂ ಗಾಡೀದೇ ಭಾರ ಜಾಸ್ತಿ, ಹೊರೋದು ಕಮ್ಮಿ. ಕ್ಯಾಂಪರ್ ಹೊರ್ಬೇಕೋ, ನಿನ್ನ ಹೊರ್ಬೇಕೋ?"

ನಮ್ಮ ಗಂಡಸರಿಗೆ ಹೆಂಡತಿಯ ಮಾತು ಗಾಳಿ, ತೂಕದ ಚೀಟಿ ಮಾತ್ರ ವೇದವಾಕ್ಯ. ಆದ್ದರಿಂದ ನಾನು ಕ್ಯಾಂಪರನ್ನು ಟ್ರೈಲರ್ ಮೇಲೆ ಹಾಕಿಸಿ ಹುಲ್ಲಿನ ಮಂಡಿಯ ತೂಕದ ಕಟ್ಟೆಗೆ ಎಳೆಸಿದೆ. ನೀರು ತುಂಬಿಸಿ ತೂಗಿಸಿದೆ. ಡೆಲ್ಬರ್ಟ್ ಪ್ರತಿ ಸಲ ತರುವ ಕಬ್ಬಿಣದ ಬಾಣಲೆಗಳು, ಕೊಡಲಿ, ಬಿಯರ್ ಡಬ್ಬಗಳು ಎಲ್ಲವನ್ನೂ ಏರಿಸಿ ಇನ್ನೊಮ್ಮೆ ತೂಗಿಸಿದೆ. ಕೊನೆಗೆ ಡೆಲ್ಬರ್ಟನನ್ನೂ ಕಟ್ಟೆ ಹತ್ತಿಸಿದೆ. ಲಾರಿ ತೂಗುವ ಮುಳ್ಳು ಅವನೊಬ್ಬನಿಗೇ ಅಲ್ಲಾಡಿತು. ಮಂಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಬೂಟು ಬಿಚ್ಚಿ ತೂಗಿ, ಇದು ಅನ್ಯಾಯ," ಎಂದ ಡೆಲ್ಬರ್ಟ್.

ಆರಿನ್ ಮುಳ್ಳನ್ನೇ ನೋಡುತ್ತಾ ಗಲ್ಲ ಕೆರೆದುಕೊಂಡ. ಅವನ ಮುಖ ಸಣ್ಣಗಾಗಿತ್ತು. ತಮ್ಮನಿಲ್ಲದೆ ಪ್ರಯಾಣ ಮಾಡಬೇಕಲ್ಲ ಎಂದು ಸಂಕಟವಾಗಿದೆ ಎಂದುಕೊಂಡೆ. ನನಗೆ ಒಳಗೊಳಗೇ ಹೊಟ್ಟೆ ತಣ್ಣಗಾಯಿತು.

ಬೋಯ್ಸಿ ಪೇಟೆಯ ಗಾಡಿ ಅಂಗಡಿಯಲ್ಲಿ ಬ್ರೈಸ್ ಎನ್ನುವ ಮಾರಾಟದ ಹುಡುಗನಿದ್ದ. ಅವನ ಹಲ್ಲು ಅವನ ಮಾತಿಗಿಂತ ಬಿಳುಪಾಗಿತ್ತು.

"ಒಂಟಿ ಕ್ಯಾಬಿನ್ನಾ ಮೇಡಂ? ಈಗ ಯಾರೂ ಕೇಳಲ್ಲ. ರಸ್ತೆ ರಿಪೇರಿಯವರು ತಗೋತಾರೆ ಅಷ್ಟೆ. ಜೋಡಿ ಕ್ಯಾಬಿನ್ ನೋಡಿ, ಹಿಂದೆ ರಾಣಿ ಥರ ಕೂತ್ಕೋಬೋದು."

"ಮೂವತ್ತು ವರ್ಷ ರಾಣಿ ಆಗಿದ್ದಾಯ್ತು ಕಣಪ್ಪ. ರಾಜೀನಾಮೆ ಕೊಡ್ತಿದೀನಿ."

ಅವನು ಒಂದೂವರೆ ಕ್ಯಾಬಿನ್ ತೋರಿಸಿದ. ನಾನು ಅವನನ್ನೇ ಅದರ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಹೊರಗೆ ಬರುವಷ್ಟರಲ್ಲಿ ಹಲ್ಲು ಕಾಣುತ್ತಿರಲಿಲ್ಲ. ಹಿತ್ತಲ ಮೂಲೆಯಲ್ಲಿ ಬಿಳಿಯ ಒಂಟಿ ಕ್ಯಾಬಿನ್ ಒಂದು ಧೂಳು ತಿನ್ನುತ್ತಾ ನಿಂತಿತ್ತು. ಹಳದಿ ಚೀಟಿಯಲ್ಲಿ ಬರೆದಿದ್ದ ಭಾರ ನಮ್ಮ ಕ್ಯಾಂಪರಿಗೆ ಸರಿಹೊಂದಿ ಇನ್ನೂ ಮಿಗುತ್ತಿತ್ತು. ಆರಿನ್ ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಬಲಗಡೆಯ ಬಾಗಿಲ ಬಳಿ ನಿಂತು ಬಹಳ ಹೊತ್ತು ಒಳಗೆ ನೋಡಿದ.

"ಆಯ್ತು ವರ್ನಾ, ತೂಕ ಸುಳ್ಳು ಹೇಳಲ್ಲ," ಎಂದ.

ಎಲ್ಕ್ ಬೇಟೆಯ ಕಾಲ ಬಂತು. ಸ್ಟೀನ್ಸ್ ಬೆಟ್ಟಕ್ಕೆ ಹೊರಡುವ ಬೆಳಿಗ್ಗೆ ನಾನು ತುಟಿಗೆ ಬಣ್ಣ ಹಚ್ಚಿಕೊಂಡೆ. ಬೇಟೆಗೆ ಹೋಗುವಾಗ ತುಟಿಗೆ ಬಣ್ಣವೇ ಎಂದು ನಗಬೇಡಿ. ಮುಂದಿನ ಸೀಟಿನಲ್ಲಿ ಕೂರುವವಳು ನಾನು. ಬಾಗಿಲು ತೆರೆದರೆ, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಡೆಲ್ಬರ್ಟ್ ಟೋಪಿ ಹಾಕಿಕೊಂಡು, ಬಂದೂಕು ಹಿಡಿದುಕೊಂಡು, ಗ್ರೇವಿಯ ಜೊತೆ ಪಿಕಪ್ಪಿಗೆ ಒರಗಿ ನಿಂತಿದ್ದ.

"ನೀನೆಲ್ಲಿಗೆ?"

"ನಿಮ್ ಜೊತೆ."

"ಎಲ್ಲಿ ಕೂರ್ತೀಯ, ನನ್ ತಲೆ ಮೇಲಾ?"

"ಅತ್ತಿಗೆ, ಸೀಟು ನೋಡಿಲ್ವಾ ನೀವು? ಉದ್ದಕ್ಕೆ ಬೆಂಚು. ಮೂರು ಬೆಲ್ಟ್ ಇದೆ."

ನಾನು ತೂಕ ನೋಡಿದ್ದೆ, ಚೀಟಿ ನೋಡಿದ್ದೆ, ಬೆಲ್ಟು ಎಣಿಸಿರಲಿಲ್ಲ. ಜೋಡಿ ಕ್ಯಾಬಿನ್ ಆಗಿದ್ದರೆ ಜಗಳವಾಡಿಯಾದರೂ ಇವನನ್ನು ಹಿಂದಕ್ಕೆ ತಳ್ಳಬಹುದಿತ್ತು. ಈಗ ಹಿಂದೆ ಎನ್ನುವುದೇ ಇಲ್ಲ. ಅದೂ ಸಾಲದೆಂದು, ಬಾಗಿಲ ಪಕ್ಕ ಕೂತವನು ಇಳಿದು ಹೊಲದ ಗೇಟು ತೆಗೆಯಬೇಕು ಎನ್ನುವುದು ನಮ್ಮ ಸೀಮೆಯ ಕಟ್ಟುಪಾಡು. ತಂತಿ ಬಿಗಿದ ಆ ಗೇಟುಗಳ ಜೊತೆ ಕುಸ್ತಿ ನನ್ನ ಭುಜಕ್ಕೆ ಆಗುವುದಿಲ್ಲ. ಹೀಗಾಗಿ ಡೆಲ್ಬರ್ಟ್ ಬಾಗಿಲಿಗೆ, ನಾನು ನಡುವೆ. ಎಡತೊಡೆಗೆ ಗಂಡ, ಬಲತೊಡೆಗೆ ಮೈದುನ, ಪಾದದ ಮೇಲೆ ನಾಯಿ. ನಾನೇ ತೋಡಿದ ಗುಂಡಿ, ಬಿದ್ದವಳೂ ನಾನೇ.

ಮಾತು ನನ್ನ ಮೂಗಿನ ಮುಂದೆಯೇ ಆ ಕಡೆಯಿಂದ ಈ ಕಡೆಗೆ ಓಡಾಡಿತು. ಡೆಲ್ಬರ್ಟ್ ಕಿರುಚುತ್ತಿದ್ದದ್ದು ನೇರ ನನ್ನ ಕಿವಿಯೊಳಗೆ. ಆದರೂ ಇರಲಿ, ಗಂಡ ಪಕ್ಕದಲ್ಲಿದ್ದಾನಲ್ಲ ಎಂದು ನಾನು ಮೆಲ್ಲಗೆ ಹೇಳಿದೆ.

"ಆರಿನ್, ಬೆಟ್ಟದ ಮೇಲೆ ಆಸ್ಪೆನ್ ಮರದ ಎಲೆ ಹಳದಿಯಾಗಿದೆ ನೋಡು."

ಅವನು ರಸ್ತೆ ನೋಡುತ್ತಿದ್ದ.

"ಆರಿನ್, ಚಳಿ ಆಗ್ತಿದೆ, ಹೀಟರ್ ಹಾಕ್ತೀಯಾ?"

ಉತ್ತರವಿಲ್ಲ. ನನಗೂ ಅವನಿಗೂ ಗೇಣು ದೂರವಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದಾಗ ಗಾಡಿಯ ಸದ್ದು, ನಾಯಿ, ಡೆಲ್ಬರ್ಟ್ ಎಂದು ಏನಾದರೊಂದು ನೆಪ ಇತ್ತು. ಈಗ ಆ ನೆಪವೂ ಹೋಯಿತು. ಅವನಿಗೆ ನಾನು ಬೇಡ, ಅಷ್ಟೇ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಎತ್ತುವುದಕ್ಕೂ ಜಾಗವಿರಲಿಲ್ಲ, ಇಬ್ಬರ ಹೊಟ್ಟೆಯೂ ಅಡ್ಡ ಇತ್ತು.

ಬೆಟ್ಟದ ಬುಡದಲ್ಲಿ ಮೊದಲ ಗೇಟು ಬಂತು. ಡೆಲ್ಬರ್ಟ್ ಇಳಿದ, ನಾಯಿಯೂ ಇಳಿಯಿತು. ಗೇಟಿನ ಕಂಬವನ್ನು ಅವನು ಮದುವೆ ಹೆಣ್ಣಿನ ಹಾಗೆ ತಬ್ಬಿಕೊಂಡು ನೂಕಿದ. ತಂತಿಯ ಕುಣಿಕೆ ಬಿಡಲಿಲ್ಲ. ಆರಿನ್ ಇಂಜಿನ್ ಆರಿಸದೆ ಸಹಾಯಕ್ಕೆ ಇಳಿದ. ಇಬ್ಬರೂ ಸೇರಿ ಕುಣಿಕೆ ಬಿಡಿಸಿ, ತಂತಿಯನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟರು.

ನಡುವೆ ಕೂತವಳ ಕೆಲಸ ಸುಮ್ಮನೆ ಕೂತಿರುವುದು. ನಾನು ಸ್ಟೀರಿಂಗ್ ಮುಂದಕ್ಕೆ ಜರುಗಿ ಗೇರು ಎಳೆದೆ. ಗೇಟು ದಾಟಿ ನಿಲ್ಲಿಸಬೇಕು, ಮುಚ್ಚುವವನು ಮುಚ್ಚಿ ಬಂದು ಹತ್ತಬೇಕು. ಅದೂ ಕಟ್ಟುಪಾಡೇ. ನಾನು ನಿಲ್ಲಿಸಲಿಲ್ಲ. ಬೆನ್ನ ಮೇಲಿನ ಮನೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು, ಒಳಗೆ ಡೆಲ್ಬರ್ಟನ ಬಾಣಲೆಗಳು ಭಜನೆ ಮಾಡಿದವು. ಕನ್ನಡಿಯಲ್ಲಿ ನೋಡಿದರೆ ಆರಿನ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಓಡಿ ಬರುತ್ತಿದ್ದ. ಎಪ್ಪತ್ತರ ಹತ್ತಿರದ ಗಂಡಸು ಹೀಗೆ ಓಡುವುದನ್ನು ನೋಡಿದರೆ ಯಾವ ಹೆಂಡತಿಗಾದರೂ ಕರುಳು ಚುರುಕ್ ಎನ್ನುತ್ತದೆ. ಇನ್ನೊಂದು ಸ್ವಲ್ಪ ದೂರ ಓಡಿಸಿ ನಿಲ್ಲಿಸಿದೆ. ಡೆಲ್ಬರ್ಟ್ ಇನ್ನೂ ಹಿಂದೆ ಗೇಟು ಮುಚ್ಚುತ್ತಿದ್ದ.

ಆರಿನ್ ಬಲಗಡೆಯಿಂದ ಹತ್ತಿದ. ತಮ್ಮನಿಗೆ ಜಾಗ ಬಿಟ್ಟು ನಡುವಿಗೆ ಸರಿದು ಕೂತ. ಏದುಸಿರು ಬಿಡುತ್ತಿದ್ದ. ನಾನು ಅವನ ಮುಖ ನೋಡದೆ, ಗಾಜಿನ ಕಡೆ ತಿರುಗಿ, ನನಗೆ ನಾನೇ ಗೊಣಗಿಕೊಂಡೆ.

"ಗೂಬೆ ಮುಂಡೇದು. ಇಷ್ಟು ವರ್ಷ ಗೋಡೆಗೆ ಹೇಳಿದ್ರೂ ಗೋಡೆ ಬಿರುಕು ಬಿಡ್ತಿತ್ತು."

"ಗೋಡೆಗೆ ಏನು ಹೇಳ್ದೆ?" ಎಂದ ಆರಿನ್.

ನಾನು ತಿರುಗಿದೆ. "ಕೇಳಿಸ್ತಾ?"

"ಈ ಕಡೆ ಕೂತ್ರೆ ಕೇಳ್ಸುತ್ತೆ." ಅವನು ನನ್ನ ಕಡೆ ಇದ್ದ ಎಡಗಿವಿಯನ್ನು ಮುಟ್ಟಿಕೊಂಡ. "ಬಲಗಡೇದು ಸತ್ತು ಎಷ್ಟೋ ವರ್ಷ ಆಯ್ತು. ನಾನು ಎಡಚ ಅಲ್ವಾ, ಎಡಭುಜಕ್ಕೆ ಬಂದೂಕು ಇಡ್ತೀನಿ. ನಳಿಗೆ ಕಡೆ ತಿರುಗಿರೋದು ಬಲಗಿವಿ, ಸದ್ದೆಲ್ಲಾ ಅದೇ ತಿನ್ಕೊಂತು."

ಮನೆಯಲ್ಲಿ ಊಟದ ಮೇಜಿಗೆ ನಾನು ಅವನ ಎಡಗಡೆ. ಗಾಡಿಯಲ್ಲಿ ಬಲಗಡೆ. ಹಾಸಿಗೆಯಲ್ಲೂ ಬಲಗಡೆ. ದೀಪ ಆರಿಸಿದ ಮೇಲೆ ನಾನು ಹೇಳಿದ ಮಾತುಗಳೆಲ್ಲ ಎಲ್ಲಿಗೆ ಹೋದವು ಎನ್ನುವುದನ್ನು ನೀವೇ ಲೆಕ್ಕ ಹಾಕಿ.

"ಯಾಕೋ ಹೇಳ್ಲಿಲ್ಲ, ಪಾಪಿ?"

"ಹೇಳಿದ್ರೆ ಸ್ಟೀರಿಂಗ್ ಕಿತ್ಕೋತಿದ್ದೆ."

"ಈಗ ಕಿತ್ಕೊಂಡಿದೀನಿ."

"ಹೌದು, ಹಿಂದೆ ಓಡಿ ಬಂದೆ, ಗೊತ್ತಾಯ್ತು."

"ಡೆಲ್ಬರ್ಟ್‌ಗೆ ಗೊತ್ತಾ?"

"ಅವನು ಗೊತ್ತಿಲ್ದೆ ಸುಮ್ನೆ ಕಿರುಚ್ತಾನಾ? ಬಲಗಡೆಯಿಂದ ಗಾಡಿ ಬಂದ್ರೆ ನಂಗೆ ಕೇಳ್ಸಲ್ಲ, ರಸ್ತೆ ಕೂಡೋ ಕಡೆ ನೋಡಿ ಹೇಳೋನು ಅವನೇ. ಅವನಿಲ್ದಿದ್ರೆ ನಿನ್ನ ಯಾವತ್ತೋ ಲಾರಿ ಕೆಳಗೆ ಹಾಕಿರ್ತಿದ್ದೆ."

ಇವನಿಗೆ ಜೋಡಿ ಕ್ಯಾಬಿನ್ ಯಾಕೆ ಬೇಕಿತ್ತು ಅಂತ ಈಗ ತಿಳಿಯಿತು. ಇವನ ಒಣ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಸಿಟ್ಟೂ ಬಂತು. ಡೆಲ್ಬರ್ಟನನ್ನು ಹುಲ್ಲಿನ ಮಂಡಿಯಲ್ಲಿ ಎಮ್ಮೆಯ ಹಾಗೆ ತೂಗಿಸಿದ್ದು ನೆನಪಾಗಿ ನಾಚಿಕೆಯೂ ಆಯಿತು.

ಆರಿನ್ ಟೋಪಿಯನ್ನು ಮೊಣಕಾಲ ಮೇಲಿಟ್ಟು ತಿರುಗಿಸುತ್ತಿದ್ದ.

"ಹಿಂದುಗಡೆ ಕೂತ್ಕೊಂಡು ಏನೇನು ಹೇಳ್ತಿದ್ದೆ?" ಎಂದು ಕೇಳಿದ.

ಹೇಳಿದ್ದರಲ್ಲಿ ಮುಕ್ಕಾಲು ಪಾಲು ಹೀಟರ್ ಹಾಕು, ಉಚ್ಚೆಗೆ ನಿಲ್ಲಿಸು, ದಾರಿ ತಪ್ಪಿದೆ ಎನ್ನುವುದೇ. ಆದರೆ ಒಂದು ಮಾತಿತ್ತು. ನಾಲ್ಕು ವರ್ಷದ ಹಿಂದೆ ಬೋಯ್ಸಿ ಆಸ್ಪತ್ರೆಯಲ್ಲಿ ನನ್ನ ಎದೆಯ ಗಂಟಿಗೆ ಪರೀಕ್ಷೆಯ ಸೂಜಿ ಹಾಕಿಸಿಕೊಂಡು ವಾಪಸ್ಸು ಬರುತ್ತಿದ್ದೆವು. ಮುಂದೆ ಡೆಲ್ಬರ್ಟ್ ಗೊರಕೆ ಹೊಡೆಯುತ್ತಿದ್ದ. ಆಮೇಲೆ ಗಂಟು ಏನೂ ಅಲ್ಲ ಅಂತಾಯಿತು, ಆ ವಿಷಯ ಮತ್ತೆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆವತ್ತು ಅವನು ತಿರುಗಿ ನೋಡದಿದ್ದದ್ದನ್ನು ಮಾತ್ರ ನಾನು ಒಂದು ದಿನವೂ ಮರೆತಿರಲಿಲ್ಲ.

"ಆಸ್ಪತ್ರೆಯಿಂದ ಬರೋವಾಗ," ಎಂದೆ, "ನಂಗೆ ಭಯ ಆಗ್ತಿದೆ ಅಂದಿದ್ದೆ."

ಆರಿನ್ ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. ಈ ಕಿವಿಯೂ ಹೋಯಿತೋ ಏನೋ ಎಂದು ನೋಡಿದೆ.

"ನಂಗೂ ಆಗಿತ್ತು," ಎಂದ. "ನೀನು ಸುಮ್ನೆ ಕೂತಿದೀಯ, ಧೈರ್ಯವಾಗಿದೀಯ ಅನ್ಕೊಂಡೆ. ಅದಕ್ಕೇ ನಾನೂ ಸುಮ್ನಿದ್ದೆ."

ಬಲಗಡೆಯ ಬಾಗಿಲು ತೆರೆಯಿತು. ಗ್ರೇವಿ ಮೊದಲು ಹತ್ತಿತು, ಅದರ ಹಿಂದೆ ಬೆವರು ಸುರಿಸುತ್ತಾ ಡೆಲ್ಬರ್ಟ್.

"ಏನಣ್ಣಾ ಇದು! ನೀನ್ಯಾಕೆ ನಡುವೆ? ಅತ್ತಿಗೆ ಯಾಕೆ ಸ್ಟೀರಿಂಗ್ ಹಿಡಿದವ್ರೆ? ಗೇಟು ದಾಟಿ ನಿಲ್ಲಿಸ್ಬೇಕು ಅನ್ನೋ ಬುದ್ಧಿ..."

"ಬಾಯ್ ಮುಚ್ಕೊಂಡು ಹತ್ತೋ," ಎಂದ ಆರಿನ್. ಅವನ ಮುಖ ನನ್ನ ಕಡೆಗೇ ಇತ್ತು. "ವರ್ನಾ ಏನೋ ಹೇಳ್ತಿದಾಳೆ."

ಡೆಲ್ಬರ್ಟ್ ಬಾಗಿಲು ಎಳೆದುಕೊಂಡು, ತನ್ನ ಜನ್ಮದಲ್ಲಿ ಮೊದಲ ಸಲ, ಬಾಯಿ ಮುಚ್ಚಿದ. ನಾನು ಬೆಟ್ಟದ ಕಡೆ ಗಾಡಿ ತಿರುಗಿಸಿ ಮಾತು ಮುಂದುವರಿಸಿದೆ.